ಓದುಗರ ಪ್ರಶ್ನೆ: ರೇಸ್ ಟೈರಿನ ಗಡಸುತನದಿಂದ ಹಿಡಿತವನ್ನು ತಿಳಿಯಬಹುದೇ?

ಈ ಸಂಚಿಕೆಯ ಪ್ರಶ್ನೋತ್ತರವನ್ನು ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಟೈರಿನ ರಬ್ಬರ್ ಎಷ್ಟು ಗಡಸಾಗಿದೆ ಎಂಬುದನ್ನು ಡ್ಯೂರೋಮೀಟರ್ ಎಂಬ ಕೈಮಾಪಕದಿಂದ ಅಳೆದು, ಟ್ರ್ಯಾಕಿನಲ್ಲಿ ಕಾರಿಗೆ ಎಷ್ಟು ಹಿಡಿತ ಸಿಗುತ್ತದೆಂದು ಮೊದಲೇ ನಿರ್ಣಯಿಸಬಹುದೇ ಎಂದು ಹಲವರು ಕೇಳಿದ್ದಾರೆ. ಪತ್ರಗಳಲ್ಲಿ ಒಂದೇ ಬಗೆಯವನ್ನು ಸೇರಿಸಿ, ಉಳಿದವನ್ನು ಸಂಕ್ಷೇಪಿಸಿ ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ಬಿಡುವಿನ ದಿನಗಳಲ್ಲಿ ನನ್ನ ಹ್ಯಾಚ್‌ಬ್ಯಾಕ್ ಕಾರಿನೊಂದಿಗೆ ಆಟೋಕ್ರಾಸ್ ಮತ್ತು ಟ್ರ್ಯಾಕ್ ಡೇಗಳಲ್ಲಿ ಭಾಗವಹಿಸುತ್ತೇನೆ. ಇತ್ತೀಚೆಗೆ ಒಂದು ಶೋರ್ ಎ ಡ್ಯೂರೋಮೀಟರ್ ಕೊಂಡೆ. ಒಬ್ಬರು ಮಾರಲು ಇಟ್ಟಿರುವ ಬಳಸಿದ ಟೈರ್ ಅದರಲ್ಲಿ 58 ತೋರಿಸುತ್ತದೆ. ಅಂಗಡಿಯಲ್ಲಿರುವ ಬೇರೊಂದು ಕಂಪನಿಯ ಹೊಸ ಟೈರ್ 64 ತೋರಿಸುತ್ತದೆ. ಮೆದುವಾದದ್ದೇ ಹೆಚ್ಚು ಹಿಡಿಯುತ್ತದೆ, 58ರದ್ದನ್ನೇ ಕೊಳ್ಳು ಎಂದು ಗೆಳೆಯರು ಹೇಳುತ್ತಾರೆ. ಅದು ಸರಿಯೇ?
— ಬೆಂಗಳೂರಿನ ಓದುಗರು

ಉತ್ತರ: ಈ ಎರಡು ಅಂಕಗಳಿಂದ ಆ ತೀರ್ಮಾನಕ್ಕೆ ಬರಲಾಗದು. ಬೇರೆ ಬೇರೆ ಕಂಪನಿಗಳ ಟೈರುಗಳನ್ನು ಡ್ಯೂರೋಮೀಟರಿನ ಅಂಕದಿಂದ ಹೋಲಿಸಿದರೆ ದಾರಿ ತಪ್ಪುವ ಸಾಧ್ಯತೆಯೇ ಹೆಚ್ಚು. ಒಂದು ಟೈರನ್ನು ಅದರದೇ ಹಿಂದಿನ ಸ್ಥಿತಿಯೊಂದಿಗೆ ಹೋಲಿಸುವುದಾದರೆ ಮಾತ್ರ ಅದೇ ಮಾಪಕ ಬಹಳ ಉಪಯುಕ್ತ. ಇದರ ಕಾರಣ ತಿಳಿಯಬೇಕಾದರೆ ಆ ಮಾಪಕ ನಿಜವಾಗಿ ಏನನ್ನು ಅಳೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಅಮೆರಿಕದ ಆಲ್ಬರ್ಟ್ ಶೋರ್ 1920ರ ದಶಕದಲ್ಲಿ ರೂಪಿಸಿದ ಈ ಉಪಕರಣದ ತಳದಿಂದ ಮೊಂಡು ತುದಿಯ ಉಕ್ಕಿನ ಮೊಳೆಯೊಂದು 2.5 ಮಿಲಿಮೀಟರಿನಷ್ಟು ಹೊರಚಾಚಿರುತ್ತದೆ. ಎ ಮಾದರಿಯಲ್ಲಿ ಅದರ ತುದಿಯ ವ್ಯಾಸ 0.79 ಮಿಲಿಮೀಟರ್. ಮೊಳೆಯ ಹಿಂದೆ ಒಂದು ಸ್ಪ್ರಿಂಗ್ ಇದೆ. ತಳವನ್ನು ರಬ್ಬರಿನ ಮೇಲೆ ಒತ್ತಿದಾಗ ಮೊಳೆ ಪೂರ್ತಿ ಒಳಗೆ ಇಳಿದರೆ ಅಂಕ 0, ಸ್ವಲ್ಪವೂ ಇಳಿಯದೆ ಮಾಪಕದೊಳಕ್ಕೆ ಹಿಂದೆ ಸರಿದರೆ 100. ಅಂದರೆ ಒಂದು ಅಂಕಕ್ಕೆ 0.025 ಮಿಲಿಮೀಟರ್. ನೀವು ಹೇಳುವ 58ಕ್ಕೂ 64ಕ್ಕೂ ನಡುವಣ ವ್ಯತ್ಯಾಸವೆಂದರೆ ಮೊಳೆ ಇಳಿದ ಆಳದಲ್ಲಿ 0.15 ಮಿಲಿಮೀಟರ್. ಆದರೆ ಅದನ್ನು ಕ್ಷುಲ್ಲಕವೆಂದೂ ತಿಳಿಯಬಾರದು, ಏಕೆಂದರೆ ಅಂಕ ಏರಿದಂತೆ ರಬ್ಬರಿನ ಬಿಗಿ ಅದಕ್ಕಿಂತ ವೇಗವಾಗಿ ಏರುತ್ತದೆ. ರಬ್ಬರ್ ವಿಜ್ಞಾನಿ ಎ. ಎನ್. ಜೆಂಟ್ ಅವರು 1958ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಲೆಕ್ಕ ಹಾಕಿದರೆ 50 ಅಂಕದ ರಬ್ಬರಿನ ಸ್ಥಿತಿಸ್ಥಾಪಕ ಗುಣಾಂಕ (ಅಂದರೆ ಬಿಗಿಯ ಅಳತೆ) ಸುಮಾರು 2.5 ಮೆಗಾಪಾಸ್ಕಲ್, 60ಕ್ಕೆ 3.6, 70ಕ್ಕೆ 5.5. ಹತ್ತು ಅಂಕ ಏರಿದಾಗಲೆಲ್ಲ ಬಿಗಿ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ.

ಹೀಗೆ ಮಾಪಕ ಹೇಳುವುದು ಒಂದೇ ಒಂದು ವಿಷಯ: ನಿಧಾನವಾಗಿ ಒತ್ತಿದಾಗ, ಆ ಕ್ಷಣದ ತಾಪಮಾನದಲ್ಲಿ, ರಬ್ಬರಿನ ಮೇಲ್ಪದರ ಎಷ್ಟು ಪ್ರತಿರೋಧ ಒಡ್ಡುತ್ತದೆ ಎಂಬುದು. ಮಾವಿನ ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಎಷ್ಟು ಮಾಗಿದೆ ಎಂಬುದು ತಿಳಿಯುತ್ತದೆಯೇ ಹೊರತು ಅದು ಎಷ್ಟು ಸಿಹಿ ಎಂಬುದು ತಿಳಿಯುವುದಿಲ್ಲ. ಒಂದೇ ಮರದ ಹಣ್ಣುಗಳಾದರೆ ಮಾತ್ರ ಆ ಒತ್ತುವಿಕೆಯಿಂದ ರುಚಿಯನ್ನೂ ಊಹಿಸಬಹುದು.

ಇನ್ನು ಹಿಡಿತದ ವಿಚಾರ. ಟೈರ್ ರಸ್ತೆಯನ್ನು ಎರಡು ಬಗೆಯಲ್ಲಿ ಹಿಡಿಯುತ್ತದೆ. ಮೊದಲನೆಯದು ಅಂಟಿಕೆ: ರಬ್ಬರಿನ ಅಣುಸರಪಳಿಗಳು ಜಲ್ಲಿಯ ಮೇಲ್ಮೈಗೆ ತೀರಾ ಹತ್ತಿರ ಬಂದಾಗ ಅವೆರಡರ ನಡುವೆ ಸೆಳೆತ ಉಂಟಾಗಿ, ಕ್ಷಣಕ್ಷಣಕ್ಕೂ ಬಂಧ ಬೆಸೆದುಕೊಂಡು ಕಡಿದುಹೋಗುತ್ತಿರುತ್ತದೆ. ಎರಡನೆಯದು ಶಕ್ತಿನಷ್ಟ: ಡಾಂಬರಿನಿಂದ ಮೇಲೆದ್ದಿರುವ ಜಲ್ಲಿಯ ಮೊನೆಗಳ ಮೇಲೆ ಜಾರುವಾಗ ರಬ್ಬರ್ ಒಳಕ್ಕೆ ತಗ್ಗಿ, ಮತ್ತೆ ಮೊದಲಿನ ಆಕಾರಕ್ಕೆ ಮರಳಲು ತುಸು ತಡಮಾಡುತ್ತದೆ, ಆ ವಿಳಂಬದಲ್ಲಿ ಶಾಖವಾಗಿ ಹೋಗುವ ಶಕ್ತಿಯೇ ಜಾರಿಕೆಗೆ ಅಡ್ಡಿಯಾಗಿ ನಿಲ್ಲುತ್ತದೆ. ಮೆದುವಾದ ರಬ್ಬರ್ ಜಲ್ಲಿಯ ಸಂದುಗಳಿಗೆ ಚೆನ್ನಾಗಿ ಇಳಿದು ಸ್ಪರ್ಶದ ಕ್ಷೇತ್ರವನ್ನು ಹೆಚ್ಚಿಸುತ್ತದೆ ಎಂಬ ಮಟ್ಟಿಗೆ ನಿಮ್ಮ ಗೆಳೆಯರ ಮಾತಿನಲ್ಲಿ ಸತ್ಯವಿದೆ. ಆದರೆ ತಗ್ಗಿದ ರಬ್ಬರ್ ಎಷ್ಟು ಶಕ್ತಿಯನ್ನು ನುಂಗುತ್ತದೆ ಎಂಬುದು ಪೂರ್ತಿ ಬೇರೆ ಗುಣ. ಅದನ್ನು ಡ್ಯೂರೋಮೀಟರ್ ಅಳೆಯುವುದೇ ಇಲ್ಲ.

ಭೌತಶಾಸ್ತ್ರದ ತರಗತಿಗಳಲ್ಲಿ ತೋರಿಸುವ ಒಂದು ಪ್ರಯೋಗ ಇದನ್ನು ಮನದಟ್ಟು ಮಾಡಿಕೊಡುತ್ತದೆ. ನೋಡಲು ಒಂದೇ ತೆರನಾದ ಎರಡು ಕಪ್ಪು ಚೆಂಡುಗಳು, ಒಂದು ನಿಯೊಪ್ರೀನಿನದು, ಇನ್ನೊಂದು ಪಾಲಿನಾರ್ಬೋರ್ನೀನಿನದು. ಬೆರಳಿನಿಂದ ಒತ್ತಿದರೆ ಎರಡೂ ಹೆಚ್ಚುಕಡಿಮೆ ಸಮಾನ ಗಡಸು. ಮೇಜಿನ ಮೇಲೆ ಬಿಟ್ಟಾಗ ಮೊದಲನೆಯದು ಪುಟಿದು ಮೇಲೇರುತ್ತದೆ. ಎರಡನೆಯದು ಬಿದ್ದಲ್ಲೇ ಉಳಿಯುತ್ತದೆ, ಏಕೆಂದರೆ ಬಿದ್ದ ಶಕ್ತಿಯನ್ನು ಬಹುತೇಕ ಅದೇ ನುಂಗಿಬಿಟ್ಟಿತು. ಪುಟಿಯದ ಆ ಚೆಂಡನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಅದೂ ಪುಟಿಯಲಾರಂಭಿಸುತ್ತದೆ. ಗಡಸುತನ, ಶಕ್ತಿನಷ್ಟ, ತಾಪಮಾನ ಈ ಮೂರೂ ಹೇಗೆ ಒಂದರಿಂದ ಒಂದು ಬೇರೆಯಾಗಿವೆ ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಪ್ರಯೋಗ ಇನ್ನೊಂದಿಲ್ಲವೆಂದೇ ನಮ್ಮ ಅಭಿಪ್ರಾಯ. ಟೈರ್ ತಯಾರಕರು ಸ್ಟೈರೀನ್, ಬ್ಯುಟಾಡೈಯೀನ್, ಇಂಗಾಲದ ಕರಿಪುಡಿ, ಸಿಲಿಕಾ, ಎಣ್ಣೆ, ರಾಳ, ಗಂಧಕ ಇವುಗಳ ಪ್ರಮಾಣವನ್ನು ಬದಲಿಸುತ್ತ ಒಂದೇ ಶೋರ್ ಅಂಕಕ್ಕೆ ಹಿಡಿತದಲ್ಲಿ ಅಜಗಜಾಂತರವಿರುವ ಮಿಶ್ರಣಗಳನ್ನು ಮಾಡಬಲ್ಲರು.

ಇನ್ನೂ ಒಂದು ಕಾರಣವಿದೆ. ಜಾರುವ ವೇಗ ಸೆಕೆಂಡಿಗೆ 1 ಮೀಟರ್ ಇದ್ದು, ರಸ್ತೆಯ ಉಬ್ಬುಗಳ ನಡುವೆ 1 ಮಿಲಿಮೀಟರ್ ಅಂತರವಿದ್ದರೆ ರಬ್ಬರಿನ ಆ ಬಿಂದು ಸೆಕೆಂಡಿಗೆ 1000 ಸಲ ತಗ್ಗಿ ಏಳುತ್ತದೆ. ಇನ್ನೂ ಸೂಕ್ಷ್ಮವಾದ ಒರಟುತನದ ಮೇಲೆ ಅದಕ್ಕಿಂತ ಎಷ್ಟೋ ಹೆಚ್ಚು ಸಲ. ಒತ್ತುವ ವೇಗ ಹೆಚ್ಚಾದಷ್ಟೂ ರಬ್ಬರ್ ಹೆಚ್ಚು ತಣ್ಣಗಿರುವ ರಬ್ಬರಿನಂತೆ ವರ್ತಿಸುತ್ತದೆ. ಈ ಸಂಬಂಧವನ್ನು ವಿಲಿಯಮ್ಸ್, ಲ್ಯಾಂಡೆಲ್, ಫೆರ್ರಿ ಎಂಬ ಮೂವರು 1955ರಲ್ಲಿ ಸಮೀಕರಣವಾಗಿ ಬರೆದರು. ನಿಮ್ಮ ಮಾಪಕ ಒಂದು ಸೆಕೆಂಡಿನಲ್ಲಿ ಒಮ್ಮೆ ಒತ್ತಿ ಅಂಕ ಕೊಡುತ್ತದೆ. ಟ್ರ್ಯಾಕಿನ ಮೇಲೆ ಅದೇ ರಬ್ಬರ್ ಬದುಕುವ ಲೋಕವೇ ಬೇರೆ.

ನಿಮ್ಮ ಎರಡು ಟೈರುಗಳಿಗೆ ಬರೋಣ. 58 ತೋರಿಸುವ ಬಳಸಿದ ಟೈರ್ ಹೊಸದಿದ್ದಾಗ ಎಷ್ಟಿತ್ತು ಎಂಬುದು ಮಾರುವವರಿಗಾದರೂ ಗೊತ್ತಿದೆಯೇ? ಅದು ಹೊಸದಿದ್ದಾಗ 50 ಇದ್ದ ಮಿಶ್ರಣವಾಗಿದ್ದರೆ, ಈಗ ಅದು ತನ್ನ ಎಣ್ಣೆಯನ್ನು ಕಳೆದುಕೊಂಡು ಸೊರಗಿರುವ ಟೈರ್. 64 ತೋರಿಸುವುದು ತನ್ನ ಆಯುಷ್ಯದ ಮೊದಲ ದಿನದಲ್ಲಿದೆ. ಹಾಗಾಗಿ ಕಡಿಮೆ ಅಂಕದ ಆಸೆಗೆ ಬಳಸಿದ್ದನ್ನು ಕೊಳ್ಳಬೇಡಿ. ಅದೇ ತಯಾರಕರ ಅದೇ ಮಾದರಿಯ ಹೊಸ ಟೈರಿನ ಅಂಕವನ್ನು ಎಲ್ಲಿಂದಾದರೂ ತಿಳಿದುಕೊಂಡು, ಆ ವ್ಯತ್ಯಾಸದ ಮೇಲೆ ನಿರ್ಧಾರ ಮಾಡಿ.

ಪ್ರಶ್ನೆ: ಒಂದೇ ಟೈರ್ ಬೆಳಿಗ್ಗೆ ಒಂದು ಅಂಕ, ಮಧ್ಯಾಹ್ನ ಇನ್ನೊಂದು ಅಂಕ ತೋರಿಸುತ್ತದೆ. ನನ್ನ ತಮ್ಮ ಅಳೆದರೆ ಮತ್ತೊಂದು. ಮಾಪಕ ಕೆಟ್ಟಿದೆಯೇ? ಸರಿಯಾಗಿ ಅಳೆಯುವ ಕ್ರಮ ಯಾವುದು?
— ಮೈಸೂರಿನ ಓದುಗರು

ಉತ್ತರ: ಮಾಪಕ ಸರಿಯಾಗಿಯೇ ಇರುವ ಸಾಧ್ಯತೆ ಹೆಚ್ಚು. ಪರೀಕ್ಷಿಸಿಕೊಳ್ಳಲು ಅದರ ಪೆಟ್ಟಿಗೆಯಲ್ಲಿ ಕೊಟ್ಟಿರುವ ರಬ್ಬರ್ ತುಂಡನ್ನು ನೆರಳಿನಲ್ಲಿ ಅಳೆದು, ಅದರ ಮೇಲೆ ಬರೆದಿರುವ ಅಂಕಕ್ಕೆ ಹೋಲಿಸಿ. ಆ ತುಂಡೂ ವರ್ಷಗಳು ಕಳೆದಂತೆ ಗಡಸಾಗುತ್ತದೆ ಎಂಬುದು ನೆನಪಿರಲಿ.

ಅಂಕ ಬದಲಾಗಲು ಮುಖ್ಯ ಕಾರಣ ಬಿಸಿ. ಕಪ್ಪು ಟೈರ್ ಅರ್ಧ ಗಂಟೆ ಬಿಸಿಲಿಗೆ ಬಿದ್ದರೆ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ, ಮತ್ತು ಬಿಸಿಯಾದ ರಬ್ಬರ್ ಮೆದುವಾಗುತ್ತದೆ. ರೇಸಿಗೆಂದು ಮಾಡಿದ ಮಿಶ್ರಣಗಳಲ್ಲಿ ಈ ಇಳಿಕೆ ಸಾಮಾನ್ಯ ರಸ್ತೆಯ ಟೈರಿಗಿಂತ ಹೆಚ್ಚಿರುತ್ತದೆ. ಪ್ರಯೋಗಾಲಯಗಳು 23 ಡಿಗ್ರಿ ಸೆಲ್ಸಿಯಸ್ ಎಂದು ಗೊತ್ತುಪಡಿಸಿಕೊಂಡಿರುವುದು ಇದೇ ಕಾರಣಕ್ಕೆ. ನಿಮ್ಮ ಗ್ಯಾರೇಜಿನಲ್ಲಿ ಅಷ್ಟು ನಿಖರತೆ ಬೇಕಿಲ್ಲ. ಸೂಜಿ ಚುಚ್ಚುವ ಪೈರೋಮೀಟರಿನಿಂದ ರಬ್ಬರಿನ ಒಳಗಿನ ತಾಪಮಾನವನ್ನು ನೋಡಿ ಅಂಕದ ಪಕ್ಕದಲ್ಲಿ ಅದನ್ನೂ ಬರೆದಿಟ್ಟರೆ ಸಾಕು. ತಾಪಮಾನ ಬರೆಯದ ಶೋರ್ ಅಂಕಕ್ಕೆ ಬೆಲೆಯಿಲ್ಲ ಎಂದು ನಾವು ಕಡ್ಡಿ ಮುರಿದಂತೆ ಹೇಳುತ್ತೇವೆ. ಬೆಳಗಿನ ಹೊತ್ತು, ಕಾರು ಹೊರಡುವ ಮೊದಲು, ರಾತ್ರಿಯಿಡೀ ನೆರಳಿನಲ್ಲಿದ್ದ ಟೈರನ್ನು ಅಳೆಯುವುದು ಎಲ್ಲಕ್ಕಿಂತ ವಿಶ್ವಾಸಾರ್ಹ ಅಭ್ಯಾಸ.

ಎರಡನೆಯದು ಕೈ. ಮಾಪಕದ ತಳ ರಬ್ಬರಿಗೆ ಪೂರ್ತಿ ಕೂತಿರಬೇಕು, ಓರೆಯಾಗಬಾರದು. ನಿಮ್ಮ ತಮ್ಮ ಜೋರಾಗಿ ಗುದ್ದಿ ಒತ್ತುವವರಾದರೆ ಅವರ ಅಂಕ ಹೆಚ್ಚು ಬರುತ್ತದೆ. ಪ್ರಯೋಗಾಲಯದಲ್ಲಿ ಎ ಮಾದರಿಯ ಮಾಪಕವನ್ನು ಸ್ಟ್ಯಾಂಡಿಗೆ ಕೂರಿಸಿ 1 ಕಿಲೋಗ್ರಾಮ್ ತೂಕದಿಂದ ಒತ್ತುತ್ತಾರೆ. ಕೈಯಿಂದ ಒತ್ತುವಾಗಲೂ ಅಷ್ಟೇ ಬಲ ಇರಲಿ. ಮೂರನೆಯದು ಸಮಯ. ಒತ್ತಿದ ತಕ್ಷಣ ಮುಳ್ಳು ಒಂದು ಅಂಕಕ್ಕೆ ಹೋಗಿ, ಒತ್ತಿ ಹಿಡಿದಂತೆ ನಿಧಾನವಾಗಿ ಕೆಳಗಿಳಿಯುತ್ತದೆ. ತಕ್ಷಣದ್ದನ್ನು ಓದುತ್ತೀರೋ, 3 ಸೆಕೆಂಡಿನ ಬಳಿಕದ್ದನ್ನು ಓದುತ್ತೀರೋ ನಿಮ್ಮಿಷ್ಟ, ಆದರೆ ಪ್ರತಿ ಸಲವೂ ಅದನ್ನೇ ಪಾಲಿಸಿ. ಅನುಭವಿಗಳು ಎರಡನ್ನೂ ಬರೆದುಕೊಳ್ಳುವುದುಂಟು, ಏಕೆಂದರೆ ಆ ಎರಡು ಅಂಕಗಳ ನಡುವಣ ಇಳಿತ ರಬ್ಬರ್ ಎಷ್ಟು ಜಡವಾಗಿ ಮರಳುತ್ತದೆ ಎಂಬುದರ ಒಂದು ಸ್ಥೂಲ ಸುಳಿವು. ನಮಗೆ ಕೇಳಿದರೆ ಈ ಸುಳಿವು ಅಂಕದಷ್ಟೇ ಗಮನಕ್ಕೆ ಅರ್ಹ.

ಅಳೆಯುವ ಜಾಗವೂ ಮುಖ್ಯ. ಅಂಚಿನಿಂದ ಕನಿಷ್ಠ 12 ಮಿಲಿಮೀಟರ್ ಒಳಗೆ, ಒಂದಕ್ಕೊಂದು 6 ಮಿಲಿಮೀಟರಿಗಿಂತ ದೂರದಲ್ಲಿ ಐದು ಕಡೆ ಅಳೆದು, ಏರಿಕೆಯ ಕ್ರಮದಲ್ಲಿ ಬರೆದು ನಡುವಿನದನ್ನು ಆರಿಸಿಕೊಳ್ಳಿ. ಗೀರುಗಳಿರುವ ಟೈರಾದರೆ ದೊಡ್ಡ ಅಚ್ಚಿನ (ಗೀರುಗಳ ನಡುವೆ ಉಬ್ಬಿರುವ ರಬ್ಬರ್ ತುಂಡಿನ) ನಡುಭಾಗವನ್ನೇ ಆರಿಸಬೇಕು. ಸಣ್ಣ ಅಚ್ಚುಗಳು ಮಾಪಕದ ಭಾರಕ್ಕೆ ತಾವೇ ಬಾಗಿ ಸುಳ್ಳು ಅಂಕ ಕೊಡುತ್ತವೆ. ಓಡಿದ ಸ್ಲಿಕ್ ಟೈರಿನ (ಗೀರುಗಳಿಲ್ಲದ ನುಣುಪು ರೇಸ್ ಟೈರಿನ) ಮೇಲೆ ಟ್ರ್ಯಾಕಿನಿಂದ ಅಂಟಿಕೊಂಡ ರಬ್ಬರ್ ಚೂರುಗಳೂ, ಬಿಸಿಗೆ ಬೆಂದ ತೆಳುಪೊರೆಯೂ ಇರುತ್ತವೆ. ಅವನ್ನು ಕೆರೆದು ತೆಗೆಯದಿದ್ದರೆ ನೀವು ಅಳೆಯುವುದು ಟೈರನ್ನಲ್ಲ. ಇಷ್ಟಾದರೂ ಒಂದು ಮಿತಿ ಉಳಿದೇ ಉಳಿಯುತ್ತದೆ. ಪ್ರಮಾಣಿತ ಪರೀಕ್ಷೆಗೆ 6 ಮಿಲಿಮೀಟರ್ ದಪ್ಪದ ಸಮತಟ್ಟಾದ ರಬ್ಬರ್ ಬೇಕು. ರೇಸ್ ಟೈರಿನ ಮೇಲ್ಪದರ ಅದಕ್ಕಿಂತ ತೆಳುವಾಗಿರುವುದೇ ಸಾಮಾನ್ಯ. ಅದು ಸವೆದಂತೆ ಅಡಿಯ ನೂಲಿನ ಪದರದ ಬಿಗಿಯೂ ಅಂಕದಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಒಂದೆರಡು ಅಂಕಗಳ ವ್ಯತ್ಯಾಸವನ್ನು ವ್ಯತ್ಯಾಸವೆಂದೇ ಎಣಿಸಬೇಡಿ.

ಪ್ರಶ್ನೆ: ಫಾರ್ಮುಲಾ ಒನ್ ಪ್ರಸಾರದಲ್ಲಿ ಹಾರ್ಡ್, ಮೀಡಿಯಂ, ಸಾಫ್ಟ್ ಎನ್ನುತ್ತಾರಲ್ಲ, ಅವು ಶೋರ್ ಅಂಕಗಳೇ?
— ಹುಬ್ಬಳ್ಳಿಯ ವಿದ್ಯಾರ್ಥಿನಿ

ಉತ್ತರ: ಅಲ್ಲ. 2011ರಿಂದ ಎಲ್ಲ ತಂಡಗಳಿಗೂ ಟೈರ್ ಒದಗಿಸುತ್ತಿರುವ ಪಿರೆಲ್ಲಿ, ಒಣ ಟ್ರ್ಯಾಕಿನ ತನ್ನ ಮಿಶ್ರಣಗಳಿಗೆ 2019ರಿಂದ ಸಿ1, ಸಿ2, ಸಿ3 ಎಂಬಂತೆ ಹೆಸರಿಟ್ಟಿದೆ. ಸಂಖ್ಯೆ ಏರಿದಷ್ಟೂ ಮಿಶ್ರಣ ಮೆದು. ಪ್ರತಿ ರೇಸಿಗೂ ಅವುಗಳಿಂದ ಮೂರನ್ನು ಆರಿಸಿ ಬಿಳಿ, ಹಳದಿ, ಕೆಂಪು ಪಟ್ಟಿ ಹಾಕುತ್ತಾರೆ. ಟೈರನ್ನು ಬಹಳ ದುಡಿಸುವ ಸಿಲ್ವರ್‌ಸ್ಟೋನಿನಂಥ ಟ್ರ್ಯಾಕಿನಲ್ಲಿ ಸಿ3 ಕೆಂಪು ಪಟ್ಟಿಯ ಸಾಫ್ಟ್ ಆಗಬಹುದು, ನಿಧಾನದ ತಿರುವುಗಳ ಮೊನಾಕೊದಲ್ಲಿ ಅದೇ ಸಿ3 ಬಿಳಿ ಪಟ್ಟಿಯ ಹಾರ್ಡ್ ಆಗಬಹುದು. ಅಂದರೆ ಅವು ಆ ವಾರದ ಮೂರರಲ್ಲಿನ ಸ್ಥಾನವನ್ನು ಹೇಳುವ ಹೆಸರುಗಳು. ಇನ್ನೊಂದನ್ನೂ ಗಮನಿಸಿ: ಸಾಫ್ಟ್ ಟೈರ್ ಎಲ್ಲ ಸುತ್ತುಗಳಲ್ಲಿಯೂ ವೇಗವಾಗಿರುವುದಿಲ್ಲ. ತನ್ನ ತಾಪಮಾನದ ಮಿತಿಯನ್ನು ಮೀರಿ ಕಾದಾಗ ಅದು ಜಾರತೊಡಗುತ್ತದೆ, ಆಗ ಗಡಸು ಟೈರಿನ ಕಾರು ಅದನ್ನು ಹಿಂದಿಕ್ಕುತ್ತದೆ.

ಪ್ರಶ್ನೆ: ನಮ್ಮದು ರಬ್ಬರ್ ತೋಟ. ನಾವು ಹಾಲು ಇಳಿಸಿ ಮಾಡುವ ಶೀಟು ರೇಸ್ ಟೈರಿಗೂ ಹೋಗುತ್ತದೆಯೇ? ನೈಸರ್ಗಿಕ ರಬ್ಬರೇ ಶ್ರೇಷ್ಠ ಎನ್ನುವುದು ಇಲ್ಲಿಯೂ ನಿಜವೇ?
— ಸುಳ್ಯದ ಕೃಷಿಕರು

ಉತ್ತರ: ಶ್ರೇಷ್ಠತೆ ಕೆಲಸಕ್ಕೆ ತಕ್ಕಂತೆ. ನೈಸರ್ಗಿಕ ರಬ್ಬರನ್ನು ಎಳೆದಾಗ ಅದರ ಅಣುಸರಪಳಿಗಳು ಸಾಲುಗಟ್ಟಿ ಹರಳಿನಂತೆ ಬಿಗಿಯುತ್ತವೆ, ಆದ್ದರಿಂದ ಅದು ಸುಲಭವಾಗಿ ಸೀಳುವುದಿಲ್ಲ. ಬಾಗಿ ಏಳುವಾಗ ಬಿಸಿಯಾಗುವುದೂ ಕಡಿಮೆ. ಹೆಚ್ಚು ಭಾರ ಹೊರುವ ಲಾರಿಯ ಟೈರಿಗೂ ವಿಮಾನದ ಟೈರಿಗೂ ಈ ಗುಣಗಳೇ ಬೇಕು, ಅಲ್ಲಿ ನಿಮ್ಮ ತೋಟದ ಶೀಟಿಗೆ ಸರಿಸಾಟಿಯಿಲ್ಲ. ಆದರೆ ರೇಸ್ ಟೈರಿನ ನೆಲ ತಾಗುವ ಪದರಕ್ಕೆ ಬೇಕಿರುವುದು ಇದಕ್ಕೆ ತದ್ವಿರುದ್ಧವಾದ ಗುಣ, ಅಂದರೆ ಶಕ್ತಿಯನ್ನು ನುಂಗಿ ಬಿಸಿಯಾಗುವ ಗುಣ. ನೈಸರ್ಗಿಕ ರಬ್ಬರ್ ಗಾಜಿನಂತೆ ಪೆಡಸಾಗುವುದು ಸೊನ್ನೆಗಿಂತ ಸುಮಾರು 70 ಡಿಗ್ರಿ ಕೆಳಗೆ. ಆ ಬಿಂದುವಿನಿಂದ ಬಹಳ ಮೇಲಿರುವ ಟ್ರ್ಯಾಕಿನ ತಾಪಮಾನದಲ್ಲಿ ಅದು ಚುರುಕಾಗಿ ಪುಟಿಯುತ್ತದೆ, ನುಂಗುವುದು ಕಡಿಮೆ. ಸ್ಟೈರೀನ್ ಹೆಚ್ಚು ಬೆರೆಸಿದ ಕೃತಕ ರಬ್ಬರಿನಲ್ಲಿ ಆ ಬಿಂದು ಬಹಳ ಮೇಲಿರುತ್ತದೆ, ಆದ್ದರಿಂದ ಹಿಡಿತವೂ ಹೆಚ್ಚು. ನಿಮ್ಮ ರಬ್ಬರನ್ನೂ ಆ ಕೃತಕ ರಬ್ಬರನ್ನೂ ಒಂದೇ ಶೋರ್ ಅಂಕಕ್ಕೆ ತಂದು ನಿಲ್ಲಿಸಬಹುದು. ಟ್ರ್ಯಾಕಿನಲ್ಲಿ ಅವೆರಡೂ ಒಂದೇ ಆಗುವುದಿಲ್ಲ.

ಪ್ರಶ್ನೆ: ಕಳೆದ ಋತುವಿನ ಎರಡು ಸೆಟ್ ಸ್ಲಿಕ್ ಟೈರುಗಳಿವೆ. ರಬ್ಬರ್ ಇನ್ನೂ ಸಾಕಷ್ಟು ದಪ್ಪವಿದೆ, ಆದರೆ ಕಾರು ಮೊದಲಿನಂತೆ ತಿರುಗುತ್ತಿಲ್ಲ. ಎಷ್ಟು ಅಂಕ ಏರಿದರೆ ಎಸೆಯಬೇಕು?
— ಮಂಗಳೂರಿನ ಓದುಗರು

ಉತ್ತರ: ಡ್ಯೂರೋಮೀಟರ್ ತನ್ನ ಬೆಲೆಯನ್ನು ಪೂರ್ತಿ ತೀರಿಸುವುದು ಇಲ್ಲಿಯೇ. ಟೈರ್ ಪ್ರತಿ ಸಲ ಕಾದು ತಣಿದಾಗ ಅದರೊಳಗೆ ಉಳಿದಿರುವ ಗಂಧಕ ಇನ್ನಷ್ಟು ಅಡ್ಡಬಂಧಗಳನ್ನು (ಅಣುಸರಪಳಿಗಳನ್ನು ಒಂದಕ್ಕೊಂದು ಬಿಗಿಯುವ ಕೊಂಡಿಗಳನ್ನು) ಹೆಣೆಯುತ್ತದೆ, ಮೆದುಮಾಡುವ ಎಣ್ಣೆ ಸ್ವಲ್ಪಸ್ವಲ್ಪವಾಗಿ ಹೊರಬೀಳುತ್ತದೆ, ಗಾಳಿಯ ಆಮ್ಲಜನಕ ಮೇಲ್ಪದರವನ್ನು ಗಡಸು ಮಾಡುತ್ತದೆ. ದಪ್ಪ ಉಳಿದಿದ್ದರೂ ಸತ್ವ ಹೋಗಿರುತ್ತದೆ. ಮಿಶ್ರಣ ಒಂದೇ ಆಗಿರುವುದರಿಂದ ಇಲ್ಲಿ ಅಂಕದ ಏರಿಕೆಗೂ ಹಿಡಿತದ ಇಳಿಕೆಗೂ ನೇರ ನಂಟಿದೆ.

ಎಲ್ಲರಿಗೂ ಹೊಂದುವ ಒಂದು ಗಡಿಯಂಕವನ್ನು ನಾವು ಕೊಡುವುದಿಲ್ಲ, ಏಕೆಂದರೆ ಒಂದು ಮಿಶ್ರಣ ಮೂರು ಅಂಕಕ್ಕೇ ಸೋಲುತ್ತದೆ, ಇನ್ನೊಂದು ಅದಕ್ಕಿಂತ ಹೆಚ್ಚಿನದನ್ನು ತಾಳಿಕೊಳ್ಳುತ್ತದೆ. ನಿಮ್ಮ ಗಡಿಯನ್ನು ನೀವೇ ಕಂಡುಕೊಳ್ಳಬೇಕು. ಹೊಸ ಸೆಟ್ ಬಂದ ದಿನವೇ ನಾಲ್ಕೂ ಟೈರುಗಳನ್ನು ಅಳೆದು, ತಾಪಮಾನದ ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪ್ರತಿ ಓಟದ ಮರುದಿನ, ಟೈರ್ ತಣ್ಣಗಾದ ಮೇಲೆ ಮತ್ತೆ ಅಳೆದು, ಪಕ್ಕದಲ್ಲಿ ಆ ದಿನದ ಅತ್ಯುತ್ತಮ ಲ್ಯಾಪ್ ಸಮಯವನ್ನೂ ಸೇರಿಸಿ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಾಗಲಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೈನಲ್ಲಾಗಲಿ ಒಂದೇ ಟ್ರ್ಯಾಕಿನ ದಾಖಲೆಗಳನ್ನು ಒಂದೆಡೆ ಇಟ್ಟು ನೋಡಿದರೆ, ಯಾವ ಅಂಕದ ಬಳಿಕ ಸಮಯ ಕುಸಿಯಿತು ಎಂಬುದು ಒಂದು ಋತುವಿನಲ್ಲೇ ಸ್ಪಷ್ಟವಾಗುತ್ತದೆ. ಎಲ್ಲ ಸ್ಪರ್ಧಿಗಳೂ ಒಂದೇ ಮಾದರಿಯ ಟೈರ್ ಬಳಸಬೇಕೆಂಬ ನಿಯಮವಿರುವ ವಿಭಾಗಗಳಲ್ಲಿ ಈ ನೋಟ್‌ಬುಕ್ಕು ಇನ್ನೂ ಹೆಚ್ಚು ಕೆಲಸಕ್ಕೆ ಬರುತ್ತದೆ. ಅಭ್ಯಾಸಕ್ಕೆ ಯಾವ ಸೆಟ್, ಅರ್ಹತಾ ಸುತ್ತಿಗೆ ಯಾವ ಸೆಟ್ ಎಂಬುದನ್ನು ಅದರಿಂದಲೇ ನಿರ್ಧರಿಸಬಹುದು. ಎಡಬಲದ ಟೈರುಗಳಲ್ಲಿ ಅಂಕಗಳು ಬೇರೆಯಾಗಿದ್ದರೆ ಕಾರು ಒಂದು ಬದಿಗೆ ಚೆನ್ನಾಗಿ ತಿರುಗಿ ಇನ್ನೊಂದು ಬದಿಗೆ ಜಾರುವುದಕ್ಕೆ ಕಾರಣವೂ ಅಲ್ಲಿ ಸಿಗಬಹುದು. ಸಸ್ಪೆನ್ಷನ್ ಬಿಚ್ಚುವ ಮೊದಲು ಅಷ್ಟನ್ನು ನೋಡಿಕೊಳ್ಳಿ.

ಟೈರುಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂಪಾದ ಕತ್ತಲೆ ಕೋಣೆಯಲ್ಲಿ ಇಡಿ. ವೆಲ್ಡಿಂಗ್ ಮಾಡುವ, ಮೋಟಾರ್ ಓಡುವ ಕೋಣೆ ಬೇಡ. ಅವುಗಳ ಕಿಡಿಯಿಂದ ಹುಟ್ಟುವ ಓಝೋನ್ ರಬ್ಬರಿಗೆ ಶತ್ರು.

ಪ್ರಶ್ನೆ: ಟೈರಿಗೆ ರಾಸಾಯನಿಕ ಸವರಿ ಅಂಕ ಇಳಿಸುತ್ತಾರೆಂದು ಕೇಳಿದ್ದೇನೆ. ಅದರಿಂದ ಹಿಡಿತ ಮರಳುತ್ತದೆಯೇ?
— ಚೆನ್ನೈನಲ್ಲಿ ನೆಲೆಸಿರುವ ಕನ್ನಡಿಗರು

ಉತ್ತರ: ಅಮೆರಿಕದ ಮಣ್ಣಿನ ಟ್ರ್ಯಾಕುಗಳಲ್ಲಿಯೂ ಗೋ ಕಾರ್ಟ್ ಸ್ಪರ್ಧೆಗಳಲ್ಲಿಯೂ ಇದು ಬಹುಕಾಲದ ಪಿಡುಗು. ದ್ರಾವಕ ಮತ್ತು ಎಣ್ಣೆ ರಬ್ಬರಿನೊಳಗೆ ಇಳಿದು ಅಣುಸರಪಳಿಗಳನ್ನು ಸಡಿಲಿಸುವುದರಿಂದ ಅಂಕ ಇಳಿಯುವುದು ನಿಜ, ಮೊದಲ ಕೆಲವು ಸುತ್ತುಗಳಲ್ಲಿ ಲಾಭವೂ ಕಾಣಬಹುದು. ಅದಕ್ಕಾಗಿಯೇ ಅಲ್ಲಿನ ಹಲವು ಟ್ರ್ಯಾಕುಗಳು ಇಂತಿಷ್ಟು ಶೋರ್ ಅಂಕಕ್ಕಿಂತ ಮೆದುವಾದ ಟೈರ್ ಸಲ್ಲದು ಎಂಬ ನಿಯಮ ಮಾಡಿವೆ. ಅನುಮಾನ ಬಂದರೆ ರಬ್ಬರಿನ ತುಂಡನ್ನು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ಮತ್ತು ಅಲ್ಲಿ ಮಿಶ್ರಣದಲ್ಲಿ ಇಲ್ಲದ ರಾಸಾಯನಿಕ ಸಿಕ್ಕಿಬೀಳುತ್ತದೆ.

ದಯವಿಟ್ಟು ಇದರ ಗೊಡವೆಗೆ ಹೋಗಬೇಡಿ. ಅಡ್ಡಬಂಧ ಹೆಚ್ಚಾಗಿ ಗಡಸಾದ ರಬ್ಬರಿಗೆ ಎಣ್ಣೆ ಕುಡಿಸಿದರೆ ಬಂಧಗಳು ಕರಗುವುದಿಲ್ಲ. ಹೊಸ ಟೈರಿನ ಅಂಕ ಮರಳಿದರೂ ಹೊಸ ಟೈರಿನ ಗುಣ ಮರಳುವುದಿಲ್ಲ. ದ್ರಾವಕ ಒಳಪದರದವರೆಗೆ ಇಳಿದರೆ ರಬ್ಬರಿಗೂ ನೂಲಿಗೂ ಇರುವ ಬೆಸುಗೆ ದುರ್ಬಲವಾಗುತ್ತದೆ, ಮತ್ತು ವೇಗದ ತಿರುವಿನಲ್ಲಿ ಮೇಲ್ಪದರ ಕಳಚಿದರೆ ಅಪಾಯ ನಿಮಗೆ ಮಾತ್ರವಲ್ಲ, ಹಿಂದೆ ಬರುವವರಿಗೂ ಉಂಟು. ಆ ದ್ರಾವಕಗಳಲ್ಲಿ ಹಲವು ಚರ್ಮದ ಮೂಲಕವೂ ಉಸಿರಿನ ಮೂಲಕವೂ ದೇಹ ಸೇರಿ ನರಗಳಿಗೆ, ಯಕೃತ್ತಿಗೆ ಹಾನಿ ಮಾಡುತ್ತವೆ. ಮುಚ್ಚಿದ ಗ್ಯಾರೇಜಿನಲ್ಲಿ ಅದನ್ನು ಸವರುತ್ತ ಕೂರುವ ಹುಡುಗರನ್ನು ನೆನೆದರೆ ಆತಂಕವಾಗುತ್ತದೆ.

ಪ್ರಶ್ನೆ: ನನ್ನದು ಮನೆಬಳಕೆಯ ಕಾರು. ಅದರ ಟೈರನ್ನೂ ಹೀಗೆ ಪರೀಕ್ಷಿಸಬೇಕೇ?
— ತುಮಕೂರಿನ ಓದುಗರು

ಉತ್ತರ: ಅಗತ್ಯವಿಲ್ಲ. ರಸ್ತೆಯ ಟೈರುಗಳು ಸಾಮಾನ್ಯವಾಗಿ 60ರಿಂದ 70ರ ನಡುವೆ ಇರುತ್ತವೆ. ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಿದೆಯೇ, ಪಕ್ಕದಲ್ಲಿ ಬಿರುಕುಗಳಿವೆಯೇ ಎಂಬುದನ್ನು ನೋಡಿ. ಟೈರಿನ ಬದಿಯಲ್ಲಿರುವ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ 2019ರ 23ನೇ ವಾರ. ವಯಸ್ಸಾದ ಟೈರ್ ಮಳೆಯಲ್ಲಿ ಜಾರುತ್ತಿದ್ದರೆ ಮಾಪಕಕ್ಕೆ ಕಾಯದೆ ಬದಲಿಸಿ.

ಪ್ರಶ್ನೆ: ಗಡಸುತನದಿಂದ ಹಿಡಿತ ತಿಳಿಯದು ಎಂದಾದರೆ, ಹೆಚ್ಚು ಖರ್ಚಿಲ್ಲದೆ ಹಿಡಿತವನ್ನು ಅಳೆಯುವ ದಾರಿ ಇದೆಯೇ?
— ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿ. ಕಾಲೇಜಿನ ವಿದ್ಯಾರ್ಥಿ ರೇಸಿಂಗ್ ತಂಡದ ಸದಸ್ಯ

ಉತ್ತರ: ಇದೆ, ಮತ್ತು ಅದಕ್ಕೆ ಬೇಕಿರುವುದು ಖಾಲಿ ಡಾಂಬರು ಅಂಗಳ, ಅಳತೆಯ ಟೇಪು, ಒಂದು ಸ್ಟಾಪ್‌ವಾಚ್. ಅನುಮತಿ ಪಡೆದ, ಸುತ್ತ ಗೋಡೆ ಕಂಬಗಳಿಲ್ಲದ ಅಂಗಳದಲ್ಲಿ ಕೋನ್‌ಗಳನ್ನಿಟ್ಟು ವೃತ್ತವೊಂದನ್ನು ಗುರುತಿಸಿ. ಕಾರನ್ನು ಜಾರುವ ಅಂಚಿನಲ್ಲಿ, ವೃತ್ತದ ಗೆರೆ ಬಿಡದಂತೆ ಸುತ್ತಿಸಿ, ಒಂದು ಸುತ್ತಿಗೆ ಹಿಡಿದ ಸಮಯವನ್ನು ಅಳೆಯಿರಿ. ಕಾರಿನ ನಡುಗೆರೆ ಸಾಗುವ ವೃತ್ತದ ತ್ರಿಜ್ಯವನ್ನು ಸುಮಾರು 39.5ರಿಂದ ಗುಣಿಸಿ, ಸಮಯದ ವರ್ಗದಿಂದ ಭಾಗಿಸಿದರೆ ಪಕ್ಕದ ವೇಗೋತ್ಕರ್ಷ ಸಿಗುತ್ತದೆ. ಅದನ್ನು 9.81ರಿಂದ ಭಾಗಿಸಿದರೆ ಗುರುತ್ವದ ಎಷ್ಟು ಪಾಲು ಎಂಬುದು ಬರುತ್ತದೆ; ಅದು ಹೆಚ್ಚಿದಷ್ಟೂ ಹಿಡಿತ ಹೆಚ್ಚು. ತ್ರಿಜ್ಯ 15 ಮೀಟರ್, ಸಮಯ 9 ಸೆಕೆಂಡ್ ಆದರೆ 0.75, ಟೈರ್ ಬದಲಿಸಿದಾಗ ಸಮಯ 8.5 ಸೆಕೆಂಡಿಗೆ ಇಳಿದರೆ 0.84. ಡ್ಯೂರೋಮೀಟರಿನ ಯಾವ ಅಂಕವೂ ಇಷ್ಟು ನೇರವಾಗಿ ಮಾತಾಡದು.

ಎಡಕ್ಕೂ ಬಲಕ್ಕೂ ಸುತ್ತಿಸಿ ಸರಾಸರಿ ತೆಗೆಯಿರಿ. ಗಾಳಿಯ ಒತ್ತಡವನ್ನು ಪ್ರತಿ ಸಲ ಸಮ ಮಾಡಿಕೊಳ್ಳಿ. ನಿಂತ ಕೂಡಲೇ ಟೈರಿನ ಒಳ ಅಂಚು, ನಡು, ಹೊರ ಅಂಚು ಮೂರರಲ್ಲಿಯೂ ಪೈರೋಮೀಟರಿನ ಸೂಜಿ ಚುಚ್ಚಿ ತಾಪಮಾನ ಬರೆದುಕೊಳ್ಳಿ. ಹೊರ ಅಂಚು ಮಾತ್ರ ವಿಪರೀತ ಕಾದಿದ್ದರೆ ಚಕ್ರದ ಓರೆಯಲ್ಲಿ ದೋಷವಿದೆ ಎಂದರ್ಥ, ಆಗ ರಬ್ಬರನ್ನು ದೂಷಿಸುವಂತಿಲ್ಲ. ಮೊದಲು ಅಳೆದ ಟೈರನ್ನೇ ಕೊನೆಯಲ್ಲಿ ಮತ್ತೊಮ್ಮೆ ಹಾಕಿ ಸುತ್ತಿಸುವುದನ್ನು ಮಾತ್ರ ಮರೆಯಬೇಡಿ, ಏಕೆಂದರೆ ಬೆಳಗಿನಿಂದ ಮಧ್ಯಾಹ್ನದೊಳಗೆ ಅಂಗಳವೂ ಕಾದು ಬದಲಾಗಿರುತ್ತದೆ, ಓಡಿಸುವವರ ಕೈಯೂ ಪಳಗಿರುತ್ತದೆ. ಮೊದಲ ಮತ್ತು ಕೊನೆಯ ಸಮಯಗಳು ಹೊಂದಿಕೆಯಾದರೆ ನಡುವಿನ ಟೈರುಗಳ ಹೋಲಿಕೆಯನ್ನು ನಂಬಬಹುದು. ಹೊಂದದಿದ್ದರೆ ಆ ದಿನದ ಅಳತೆಗಳನ್ನು ಬದಿಗಿಟ್ಟು ಇನ್ನೊಂದು ದಿನ ಮತ್ತೆ ಮಾಡಬೇಕು.